ಮೆಣಸು ಎಂದರೆ ಯಾವ ಮೆಣಸು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಅಡಿಕೆ ತೋಟಗಳಲ್ಲಿ ಮರವನ್ನು ತಬ್ಬಿಕೊಂಡು ಮೇಲೇರುವುದು ಮೆಣಸಿನ ಬಳ್ಳಿ. ಕಡಹಿನಬೈಲಿನಂಥ ಊರಿನ ಮನೆಯ ಹಿತ್ತಲಲ್ಲಿ ಬೆಳೆಯುವುದು ಮೆಣಸಿನ ಗಿಡ. ಹೆಸರು ಒಂದೇ ಆದರೂ ಇವೆರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಬಳ್ಳಿ ವೀಳ್ಯದೆಲೆಯ ಕುಲಕ್ಕೆ ಸೇರಿದ್ದು; ಗಿಡ ಬದನೆ, ಟೊಮೆಟೊಗಳ ಕುಲದ್ದು.

ಅಡುಗೆಮನೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಮೆಣಸಿನ ಸಾರಿಗೆ ಹಾಕುವುದು ಬಳ್ಳಿಯ ಕಾಳು. ಮೆಣಸಿನ ಪುಡಿ ಮಾಡುವುದು ಗಿಡದ ಕಾಯಿಯಿಂದ. ಇನ್ನು ಜೀರಿಗೆ ಮೆಣಸಿನಲ್ಲಿ ಜೀರಿಗೆಯೂ ಇಲ್ಲ, ಕಾಳುಮೆಣಸೂ ಇಲ್ಲ. ಅದು ಬಾಯಿ ಸುಡುವ ಪುಟ್ಟ ಮೆಣಸಿನಕಾಯಿ.

ಈ ತೊಡಕಿನ ಮೂಲ 16ನೇ ಶತಮಾನದಲ್ಲಿದೆ. ಅಲ್ಲಿಯವರೆಗೆ ಕನ್ನಡದಲ್ಲಿ ಮೆಣಸು ಎಂದರೆ ಪಶ್ಚಿಮಘಟ್ಟದ ಬಳ್ಳಿಯ ಕಾಳು ಮಾತ್ರ. ಅದನ್ನು ಅರಸಿಕೊಂಡೇ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದ ಹೊಸ ಖಾರದ ಕಾಯಿ ಈ ಕಡೆಗೆ ಬಂತು. ಮೆಣಸಿನಂತೆಯೇ ಖಾರವಾಗಿದ್ದ ಕಾಯಿಯನ್ನು ಜನ ಮೆಣಸಿನಕಾಯಿ ಎಂದು ಕರೆದರು. ಬಳ್ಳಿಗೆ ಮಲೆನಾಡಿನ ಮಳೆ, ನೆರಳು, ಆಸರೆಯ ಮರ ಬೇಕು. ಗಿಡವಾದರೋ ಬಯಲುಸೀಮೆಯಲ್ಲೂ ಬೆಳೆಯಿತು. ದಿನಬಳಕೆ ಹೆಚ್ಚಿದಂತೆ ಹಳೆಯ ಹೆಸರು ಹೊಸಬನ ಪಾಲಾಯಿತು.

ಆಗ ಮನೆಯ ಯಜಮಾನನೇ ಗುರುತುಚೀಟಿ ಹಿಡಿದು ನಿಲ್ಲಬೇಕಾಯಿತು. ಮೆಣಸು ಮೊದಲೇ ಕಾಳು. ಆದರೂ ಅದನ್ನು 'ಕಾಳುಮೆಣಸು' ಎನ್ನಬೇಕಾಯಿತು. ಮಲೆನಾಡು, ಕರಾವಳಿಗಳಲ್ಲಿ ಅದು 'ಒಳ್ಳೆಮೆಣಸು' ಆಯಿತು. ತುಳುವಿನ 'ಎಡ್ಡೆ ಮುಂಚಿ', ಮಲಯಾಳದ 'ನಲ್ಲಮುಳಗು' ಎಂಬ ಹೆಸರುಗಳಲ್ಲಿಯೂ ಇದೇ ಅರ್ಥವಿದೆ. ಹೊಸಬನಿಗೆ ಹೆಸರು ಬಿಟ್ಟುಕೊಟ್ಟರೂ ಒಳ್ಳೆಯದು ಯಾವುದೆಂಬ ತೀರ್ಪನ್ನು ಈ ಸೀಮೆಯ ಜನ ಬಿಟ್ಟುಕೊಡಲಿಲ್ಲ.

ಈ ಗೊಂದಲ ನಮ್ಮದೊಂದೇ ಅಲ್ಲ. ಸ್ಪ್ಯಾನಿಷ್‌ನಲ್ಲಿ ಕಾಳು 'ಪಿಮಿಯೆಂತ', ಕಾಯಿ 'ಪಿಮಿಯೆಂತೊ'. ಇಂಗ್ಲಿಷಿನಲ್ಲಿ ಎರಡಕ್ಕೂ 'ಪೆಪ್ಪರ್' ಎನ್ನುವುದುಂಟು. ಆ ಪದವೂ ಎರವಲೇ: ಹಿಪ್ಪಲಿಯ ಸಂಸ್ಕೃತ ಹೆಸರು 'ಪಿಪ್ಪಲೀ' ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಕಾಳುಮೆಣಸಿಗೆ ಅಂಟಿಕೊಂಡಿತು.

ಇದು ಬರಿಯ ಪದವಿನೋದವಲ್ಲ. 1025ರ ಚಾವುಂಡರಾಯನ 'ಲೋಕೋಪಕಾರ'ವನ್ನಾಗಲಿ, 16ನೇ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನಾಗಲಿ ಓದುವವರು ಮೆಣಸು ಎಂದಾಗ ಕೆಂಪು ಕಾಯಿಯನ್ನು ನೆನೆದರೆ ಆ ಕಾಲದ ಅಡುಗೆಯ ಬಣ್ಣವೂ ರುಚಿಯೂ ತಪ್ಪಿಹೋಗುತ್ತದೆ. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಇಂದು 'ಕಾಳುಮೆಣಸಿನ ರಾಣಿ' ಎಂದು ಬಿಡಿಸಿ ಹೇಳಬೇಕಾಗಿದೆ.

ಪುಸ್ತಕ ಓದದವರಿಗೂ ಒಂದು ಸಾಕ್ಷಿ ಉಳಿದಿದೆ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ ಹಾಕುವುದಿಲ್ಲ. ಅಂದಿನ ಖಾರಕ್ಕೆ ಒಳ್ಳೆಮೆಣಸೇ ಆಗಬೇಕು. ಹಿರಿಯರು ಉಂಡದ್ದು ಯಾವ ಮೆಣಸು ಎಂಬುದನ್ನು ಮಾತು ಮರೆತರೂ ಒಲೆ ಮರೆತಿಲ್ಲ.