ಅಡಿಕೆಗೆ ಬೋರ್ಡೋ, ಮೆಣಸಿಗೆ ಟ್ರೈಕೋಡರ್ಮಾ: ಒಂದು ಟಿಪ್ಪಣಿ

ಕಾಳಿ ನದಿ ಕಡಲು ಸೇರುವ ದೇವಬಾಗದ ಮರಳುದಂಡೆಯಲ್ಲಿ ತೆಂಗು, ಗಾಳಿಮರಗಳೇ ಹೆಚ್ಚು. ಕಾಳುಮೆಣಸು ನೋಡಬೇಕೆಂದರೆ ಕಾರವಾರ, ಅಂಕೋಲೆಯ ಒಳಭಾಗದ ಅಡಿಕೆ ತೋಟಗಳಿಗೇ ಹೋಗಬೇಕು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದದ್ದಕ್ಕೆ ಈ ಸೀಮೆಯ ಮೆಣಸೂ ಒಂದು ಕಾರಣ. ಬಳ್ಳಿ ಹಬ್ಬುವುದು ಅಡಿಕೆ ಮರಕ್ಕೆ. ಮೆಣಸಿನ ರೋಗದ ಜೈವಿಕ ನಿಯಂತ್ರಣದ ತೊಡಕೂ ಅಲ್ಲೇ ಇದೆ ಎಂಬುದು ನನ್ನ ವಾದ.

ಮೆಣಸಿಗೆ ಶೀಘ್ರ ಸೊರಗು ರೋಗ ತರುವುದು ಫೈಟಾಫ್ಥೊರಾ ಕ್ಯಾಪ್ಸಿಸಿ. ಎಲೆಯ ಕಪ್ಪು ಮಚ್ಚೆಯ ಅಂಚಿನಿಂದ ಸಣ್ಣ ಎಳೆಗಳು ಹೊರಚಾಚಿದ್ದರೆ ಅದೇ ಗುರುತು. ಬುಡಕ್ಕೆ ಕೊಳೆ ಹತ್ತಿತೆಂದರೆ ಎರಡು–ಮೂರು ವಾರಗಳಲ್ಲಿ ಬಳ್ಳಿಯ ಕಥೆ ಮುಗಿಯಿತು. ರೂಢಿಯಲ್ಲಿ ಶಿಲೀಂಧ್ರ ಎನ್ನುತ್ತೇವಾದರೂ ಇದು ನಿಜವಾದ ಶಿಲೀಂಧ್ರವಲ್ಲ. ಇದರ ಕೋಶಭಿತ್ತಿಯಲ್ಲಿ ಶಿಲೀಂಧ್ರಗಳ ಕೈಟಿನ್ ಬದಲು ಗ್ಲುಕಾನ್, ಸೆಲ್ಯುಲೋಸ್‌ಗಳದ್ದೇ ಮೇಲುಗೈ. ಆದ್ದರಿಂದ ಕೈಟಿನ್ ಕರಗಿಸುತ್ತದೆಂದು ಟ್ರೈಕೋಡರ್ಮಾ ಎಂಬ ಮಿತ್ರ ಶಿಲೀಂಧ್ರದ ಯಾವುದೋ ತಳಿಯನ್ನು ಹೊಗಳಿದರೆ ಇಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವಾದ್ದರಿಂದ, ಬಸಿಗಾಲುವೆ ಕಟ್ಟಿಕೊಂಡ ತೋಟದಲ್ಲಂತೂ ಯಾವ ತಳಿಯೂ ಕೈಹಿಡಿಯದು.

ಟ್ರೈಕೋಡರ್ಮಾ ಬೇರಿನ ಸುತ್ತ ಮೊದಲೇ ನೆಲೆಯೂರಿರಬೇಕು. ಸೊರಗಿದ ಬಳ್ಳಿಯನ್ನು ಅದು ಬದುಕಿಸದು. ಮುಂಗಾರಿನ ಆರಂಭದಲ್ಲೊಮ್ಮೆ, ಆಗಸ್ಟ್–ಸೆಪ್ಟೆಂಬರಿನಲ್ಲೊಮ್ಮೆ ಬಳ್ಳಿಗೆ 50 ಗ್ರಾಂ ಕೊಡಬೇಕೆಂಬುದು ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಆದರೆ ಅಡಿಕೆ ಕೊಳೆಗೆ ಮೈಲುತುತ್ತಿನ ಬೋರ್ಡೋ ದ್ರಾವಣವನ್ನು ಮೊದಲ ಸಲ ಹೊಡೆಯುವುದೂ ಮುಂಗಾರಿನ ಹೊಸ್ತಿಲಲ್ಲೇ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಅಧ್ಯಯನ ಪ್ರಕಟಿಸಿದ ಕಾಲದಿಂದ ಬಂದ ಪದ್ಧತಿ ಅದು. ಬಿಡಿ ಎನ್ನುವ ಧೈರ್ಯ ಯಾರಿಗೂ ಇಲ್ಲ, ಎನ್ನಬೇಕಾಗಿಯೂ ಇಲ್ಲ. ಗೊನೆಗೆ ಹೊಡೆದ ಮೈಲುತುತ್ತು ತೊಟ್ಟಿಕ್ಕುವುದು ಮಾತ್ರ ಬಳ್ಳಿಯ ಬುಡಕ್ಕೆ. ಅದರಲ್ಲಿರುವ ತಾಮ್ರ ಟ್ರೈಕೋಡರ್ಮಾಕ್ಕೆ ಆಗಿಬರದು.

ಹಾಗಾಗಿ ಮೆಣಸಿನ ಪಂಚಾಂಗವನ್ನು ಅಡಿಕೆಯ ಪಂಚಾಂಗ ನೋಡಿಯೇ ಬರೆಯಬೇಕು. 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ 1–2 ಕೆಜಿ ಟ್ರೈಕೋಡರ್ಮಾ ಕಲಸಿ, ನೆರಳಲ್ಲಿ ಗುಪ್ಪೆ ಹಾಕಿ, ಒದ್ದೆ ಗೋಣಿ ಮುಚ್ಚಿಡುವ ಕೆಲಸವನ್ನು ಬೋರ್ಡೋ ಹೊಡೆದ ದಿನವೇ ಹಿಡಿಯಬಹುದು. ಹಸಿರು ಬೂಸು ಮೂಡುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ, ಬೇಕಾದ ಅಂತರವೂ ಸಿಕ್ಕಿರುತ್ತದೆ. ಬುಡಕ್ಕೆ ಹಾಕಿ ಮೇಲೆ ದರಕು ಹೊದಿಸಬೇಕು. ಎರಡನೇ ಬೋರ್ಡೋ 40–45 ದಿನಕ್ಕೆ ಬರುತ್ತದೆ. ಎರಡನೇ ಕಂತಿನ ಗೊಬ್ಬರ ಅದಾಗಿ ಮತ್ತೆರಡು ವಾರಕ್ಕೆ. ನಡುವೆ ಎಲೆಯಲ್ಲಿ ಮಚ್ಚೆ ಕಂಡರೆ ಮೆಣಸಿಗೆ ತಾಮ್ರದ ಬದಲು ಶೇ. 0.3ರ ಪೊಟ್ಯಾಸಿಯಂ ಫಾಸ್ಫೊನೇಟ್ ಸಾಕು. ಅದು ಟ್ರೈಕೋಡರ್ಮಾದ ತಂಟೆಗೆ ಹೋಗುವುದಿಲ್ಲ.