ಐಎನ್‌ಎಸ್ ಮೈಸೂರು: ಎರಡು ಧ್ವಜಗಳಡಿ ಸೇವೆ
ಹಾಸನಕ್ಕೆ ಕಡಲ ತೀರವಿಲ್ಲ. ಆದರೂ ಈ ಜಿಲ್ಲೆ ಸೇರಿದ್ದ ಮೈಸೂರು ರಾಜ್ಯದ ಹೆಸರನ್ನು ಭಾರತೀಯ ನೌಕಾಪಡೆಯ ಒಂದು ಕ್ರೂಸರ್ ಸುಮಾರು 28 ವರ್ಷ ಹೊತ್ತಿತ್ತು.

ಬ್ರಿಟಿಷ್ ಸೇವೆ, 1940–1954
ನ್ಯೂಕ್ಯಾಸಲ್‌ನಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಟ್ಟಿದ ಈ ಹಡಗಿನ ಮೊದಲ ಹೆಸರು ಎಚ್‌ಎಂಎಸ್ ನೈಜೀರಿಯಾ. 1941ರ ಜೂನ್‌ನಲ್ಲಿ ಇದೂ ಮೂರು ಡಿಸ್ಟ್ರಾಯರ್‌ಗಳೂ ಸೇರಿ ಜರ್ಮನಿಯ ಹವಾಮಾನ ನೌಕೆ ಲಾವೆನ್‌ಬರ್ಗ್ ಅನ್ನು ಹಿಡಿದವು. ಅದರಲ್ಲಿ ಸಿಕ್ಕ ದಾಖಲೆಗಳು ಜರ್ಮನ್ನರ ಎನಿಗ್ಮಾ ಗುಪ್ತ ಸಂಕೇತಗಳನ್ನು ಭೇದಿಸಲು ನೆರವಾದವು. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಸರಕು ಸಾಗಿಸುವ ಹಡಗುಗಳಿಗೆ ಬೆಂಗಾವಲಾಗಿದ್ದಾಗ, ಇಟಲಿಯ ಜಲಾಂತರ್ಗಾಮಿ ಆಕ್ಸುಮ್‌ನ ಟಾರ್ಪಿಡೊ ಬಡಿಯಿತು. ಐವತ್ತಕ್ಕೂ ಹೆಚ್ಚು ನಾವಿಕರು ಮಡಿದರು, ಹಡಗು ಉಳಿಯಿತು.

ಭಾರತದ ಸೇವೆ, 1957–1985
1954ರಲ್ಲಿ ಭಾರತ ಇದನ್ನು ಕೊಂಡಿತು. ಬರ್ಕನ್‌ಹೆಡ್‌ನಲ್ಲಿ ನವೀಕರಣಗೊಂಡು 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಯಿತು. 6 ಅಂಗುಲದ 9 ಫಿರಂಗಿಗಳು ಇದರ ಮುಖ್ಯ ಬಲ. 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ವೇಳೆ, ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸುವ ಕಾರ್ಯಾಚರಣೆಯಲ್ಲಿ ಐಎನ್‌ಎಸ್ ತ್ರಿಶೂಲ್ ಜೊತೆ ಪಾಲ್ಗೊಂಡಿತು. ಅಲ್ಲಿ 7 ಭಾರತೀಯ ನಾವಿಕರು ಹುತಾತ್ಮರಾದರು. 1971ರ ಯುದ್ಧದಲ್ಲಿ ಇದು ಪಶ್ಚಿಮ ನೌಕಾದಳದ ಧ್ವಜನೌಕೆ. 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು.

ಇಂದಿನ ಮೈಸೂರು
ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣವಾದ ಕ್ಷಿಪಣಿ ಡಿಸ್ಟ್ರಾಯರ್ 1999ರ ಜೂನ್ 2ರಂದು ಅದೇ ಹೆಸರಿನಲ್ಲಿ ಸೇವೆಗೆ ಸೇರಿತು. ಅದರ ಲಾಂಛನ ಮೈಸೂರು ಸಂಸ್ಥಾನದ ಗಂಡಭೇರುಂಡ. ಈ ಎರಡು ತಲೆಯ ಹಕ್ಕಿಯನ್ನು ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲೂ ನೋಡಬಹುದು.