ಹನ್ನೆರಡು ಕುರ್ಚಿಗಳ ಊಟದ ಮನೆ

ಕ್ಯೂಬಾದಲ್ಲಿ ಮನೆಯವರೇ ನಡೆಸುವ ಹೋಟೆಲಿಗೆ ‘ಪಲದಾರ್’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಅಂಗುಳ ಎಂಬ ಅರ್ಥವಿದೆ. ಆದರೆ ಹೋಟೆಲಿಗೆ ಆ ಹೆಸರು ಬಂದದ್ದು ನಿಘಂಟಿನಿಂದಲ್ಲ, ಟೀವಿಯಿಂದ. 1990ರ ದಶಕದ ಆರಂಭದಲ್ಲಿ ‘ವಾಲೆ ತೂದೊ’ ಎಂಬ ಬ್ರೆಜಿಲ್ ಧಾರಾವಾಹಿಯನ್ನು ಕ್ಯೂಬಾದ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಅದರ ನಾಯಕಿ ರಾಕೆಲ್ ಬರಿಗೈಯಲ್ಲಿ ರಿಯೊ ನಗರಕ್ಕೆ ಬಂದು, ಕಡಲತೀರದಲ್ಲಿ ಸ್ಯಾಂಡ್‌ವಿಚ್ ಮಾರಿ, ಕೊನೆಗೆ ಹೋಟೆಲುಗಳ ಒಡತಿಯಾಗುತ್ತಾಳೆ. ಆ ಹೋಟೆಲುಗಳ ಹೆಸರೇ ಪಲದಾರ್.

ಈ ಕಥೆ ಅಲ್ಲಿಯವರ ಮನಸ್ಸಿಗೆ ನಾಟಲು ಕಾರಣವಿತ್ತು. 1968ರ ಮಾರ್ಚ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೊ ದೇಶದಲ್ಲಿ ಉಳಿದಿದ್ದ ಚಿಲ್ಲರೆ ಖಾಸಗಿ ವ್ಯಾಪಾರವನ್ನೆಲ್ಲ ಸರ್ಕಾರದ ವಶಕ್ಕೆ ತಂದಿದ್ದರು. ಅಂಗಡಿ, ಬಾರ್, ತಿಂಡಿ ಗಾಡಿ ಎಲ್ಲ ಸೇರಿ 50 ಸಾವಿರಕ್ಕೂ ಹೆಚ್ಚು. ಅಂದಿನಿಂದ ಹೊರಗೆ ಉಣ್ಣುವುದೆಂದರೆ ಸರ್ಕಾರಿ ಹೋಟೆಲಿನಲ್ಲಿ, ಸರ್ಕಾರಿ ನೌಕರ ಬಡಿಸಿದ್ದನ್ನು ಉಣ್ಣುವುದು. ಸ್ಯಾಂಡ್‌ವಿಚ್ ಮಾರಿ ಮೇಲೆ ಬಂದ ರಾಕೆಲ್ ಕ್ಯೂಬಾದಲ್ಲಿ ಹುಟ್ಟಿದ್ದರೆ ಕಾನೂನು ಮುರಿದವಳಾಗುತ್ತಿದ್ದಳು.

ಹೀಗಾಗಿ ಊರಿನ ರುಚಿ ಉಳಿದದ್ದು ಮನೆಯೊಳಗೆ. ಬೆಳ್ಳುಳ್ಳಿ, ಈರುಳ್ಳಿ, ಹಸಿ ದಪ್ಪಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ, ಜೀರಿಗೆ, ಒರೆಗಾನೊ ಸೇರಿಸಿದರೆ ‘ಸೊಫ್ರೀತೊ’. ನಮ್ಮ ಒಗ್ಗರಣೆಯಂತೆ ಇದು ಚಟಪಟ ಸಿಡಿಯುವುದಿಲ್ಲ, ನಿಧಾನವಾಗಿ ಕರಗುತ್ತದೆ. ಕಪ್ಪು ಬೀನ್ಸ್ ಕಾಳು ಮತ್ತು ಅನ್ನವನ್ನು ಒಟ್ಟಿಗೆ ಬೇಯಿಸಿದ್ದಕ್ಕೆ ‘ಮೂರರು ಮತ್ತು ಕ್ರೈಸ್ತರು’ ಎಂದು ಹೆಸರು. ಸ್ಪೇನಿನ ಹಳೆಯ ಯುದ್ಧ ಇಲ್ಲಿ ಒಂದೇ ಪಾತ್ರೆಯಲ್ಲಿ ರಾಜಿಯಾಗಿದೆ. ಪೂರ್ವದ ಕಡೆ ಕೆಂಪು ಕಾಳು ಹಾಕಿ ಮಾಡುವ ‘ಕೊಂಗ್ರಿ’ಯಲ್ಲಿ ಪಕ್ಕದ ಹೈಟಿಯ ನೆರಳಿದೆ. ಬೇಯಿಸಿದ ಮರಗೆಣಸಿನ ಮೇಲೆ ಹುಳಿ ಕಿತ್ತಳೆ ರಸ ಮತ್ತು ಬೆಳ್ಳುಳ್ಳಿಯ ‘ಮೊಹೊ’ ಸುರಿಯುತ್ತಾರೆ. ಬಾಳೆಕಾಯಿ ಬಿಲ್ಲೆಗಳನ್ನು ಒಮ್ಮೆ ಕರಿದು, ಜಜ್ಜಿ, ಮತ್ತೆ ಕರಿಯುತ್ತಾರೆ. ಮರಗೆಣಸು ದ್ವೀಪದ ಮೂಲನಿವಾಸಿಗಳಾದ ತೈನೊ ಜನರದು, ಹಂದಿ ಸ್ಪೇನಿನವರದು, ಬಾಳೆಕಾಯಿಯ ಅಡುಗೆ ಕಬ್ಬಿನ ಗದ್ದೆಗೆ ಗುಲಾಮರಾಗಿ ಬಂದ ಆಫ್ರಿಕನ್ನರದು. ಮಾನವಶಾಸ್ತ್ರಜ್ಞ ಫೆರ್ನಾಂಡೊ ಓರ್ತಿಸ್ 1939ರ ಒಂದು ಉಪನ್ಯಾಸದಲ್ಲಿ ಕ್ಯೂಬಾವನ್ನೇ ‘ಅಹಿಯಾಕೊ’ ಎಂಬ ಗೆಡ್ಡೆ-ಮಾಂಸದ ಸಾರಿಗೆ ಹೋಲಿಸಿದರು. ಒಲೆಯಿಂದ ಇಳಿಸದ, ದಿನವೂ ಹೊಸದೇನೋ ಬಂದು ಬೀಳುವ ಸಾರು ಅದು.

ಆ ಪಾತ್ರೆ ಬರಿದಾದದ್ದು 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ. ಅದುವರೆಗೆ ಕ್ಯೂಬಾದ ಸಕ್ಕರೆ ಕೊಂಡು ಎಣ್ಣೆ, ಗೋಧಿ ಕೊಡುತ್ತಿದ್ದ ಗಿರಾಕಿಯೇ ಇಲ್ಲವಾದ. 1962ರಿಂದ ಪ್ರತಿ ಮನೆಯಲ್ಲೂ ‘ಲಿಬ್ರೇತಾ’ ಎಂಬ ರೇಷನ್ ಪುಸ್ತಕವಿತ್ತು. ಅದರಲ್ಲಿ ಬರೆದದ್ದಕ್ಕೂ ಅಂಗಡಿಯಲ್ಲಿ ಸಿಗುವುದಕ್ಕೂ ಈಗ ಸಂಬಂಧ ತಪ್ಪಿತು. ಸರ್ಕಾರ ಈ ಬರಗಾಲಕ್ಕೆ ‘ವಿಶೇಷ ಅವಧಿ’ ಎಂಬ ಸಭ್ಯ ಹೆಸರಿಟ್ಟಿತು. ಹವಾನಾದ ಜನ ಮಹಡಿ ಮನೆಯ ಬಚ್ಚಲಲ್ಲಿ ಹಂದಿ ಸಾಕಿದರು. ಗ್ರೇಪ್‌ಫ್ರೂಟ್ ಸಿಪ್ಪೆಯ ಬಿಳಿ ಭಾಗವನ್ನು ಬೇಯಿಸಿ, ಮಸಾಲೆ ಹಚ್ಚಿ, ಮಾಂಸದ ತುಂಡೆಂಬಂತೆ ಕರಿದು ತಿಂದರು. ನಾಲ್ಕು ದಶಕ ಟೀವಿಯಲ್ಲಿ ಅಡುಗೆ ಕಲಿಸಿದ ನಿತ್ಸಾ ವಿಯಾಪೊಲ್ ಅವರ ಹೆಸರಿಗೆ ಜನರ ನೆನಪು ಈ ಸಿಪ್ಪೆಯ ಖಾದ್ಯವನ್ನು ಅಂಟಿಸಿಬಿಟ್ಟಿದೆ. ಆಕೆಯನ್ನು ಗೇಲಿ ಮಾಡುವವರು ಇಂದಿಗೂ ಇದ್ದಾರೆ, ಅದು ಅನ್ಯಾಯ. ಇಲ್ಲದ ಸಾಮಾನಿನಲ್ಲಿ ಅಡುಗೆ ಹೇಳಿಕೊಡುವ ಕೆಲಸ ಯಾವ ಬಾಣಸಿಗನಿಗೂ ಬೇಡ. 1992 ಮತ್ತು 1993ರಲ್ಲಿ ಜೀವಸತ್ವಗಳ ಕೊರತೆಯೊಂದಿಗೆ ತಳಕು ಹಾಕಿಕೊಂಡ ನರರೋಗವೊಂದು 50 ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿತು, ಹಲವರ ಕಣ್ಣು ಮಂಜಾಯಿತು. 1992ರಲ್ಲಿ ಭಾರತದಿಂದಲೂ 10 ಸಾವಿರ ಟನ್ ಗೋಧಿ ಮತ್ತು ಅಷ್ಟೇ ಅಕ್ಕಿ ಅಲ್ಲಿಗೆ ಹೋಯಿತು.

ಹಸಿದ ಮನೆಗಳೇ ಆಗ ಹೋಟೆಲುಗಳಾದವು. ನಡುಮನೆಯಲ್ಲಿ ಎರಡು ಮೇಜು ಹಾಕಿ, ಪ್ರವಾಸಿಗಳಿಗೆ ಗುಟ್ಟಾಗಿ ಊಟ ಹಾಕುವುದು ಶುರುವಾಯಿತು. 1993ರಲ್ಲಿ ಡಾಲರ್ ಇಟ್ಟುಕೊಳ್ಳುವುದು ಅಪರಾಧವಲ್ಲವೆಂದಾಯಿತು, ಕೆಲವು ಸ್ವಂತ ಉದ್ಯೋಗಗಳಿಗೂ ಅನುಮತಿ ಸಿಕ್ಕಿತು. ಊಟದ ಮನೆಗಳಿಗೆ ಮಾತ್ರ ಅದೇ ವರ್ಷದ ಕೊನೆಗೆ ಮತ್ತೆ ಬಾಗಿಲು. 1995ರಲ್ಲಿ ಕೊನೆಗೂ ಒಪ್ಪಿಗೆ ಬಂತು, ಷರತ್ತುಗಳೊಂದಿಗೆ. ಕುರ್ಚಿ 12ಕ್ಕಿಂತ ಹೆಚ್ಚಿರಬಾರದು. ದುಡಿಯುವವರು ಮನೆಯವರೇ ಆಗಿರಬೇಕು. ದನದ ಮಾಂಸ, ಸಿಗಡಿ, ಲಾಬ್ಸ್ಟರ್ ಬಡಿಸುವಂತಿಲ್ಲ, ಅವು ಸರ್ಕಾರಿ ಹೋಟೆಲಿಗೆ ಮೀಸಲು. ತಾನೇ ಸಾಕಿದ ಹಸುವನ್ನು ಅನುಮತಿಯಿಲ್ಲದೆ ಕೊಯ್ದರೂ ಅಲ್ಲಿ ಜೈಲು. ಇದಕ್ಕೆ ಧರ್ಮ ಕಾರಣವಲ್ಲ, ಹಾಲು ಮತ್ತು ಸರ್ಕಾರದ ಲೆಕ್ಕ ಕಾರಣ. ದನದ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಮಾಡುವ ‘ರೋಪಾ ವಿಯೇಹಾ’, ಅಂದರೆ ಹಳೆಬಟ್ಟೆ, ಕ್ಯೂಬಾದ ಹೆಸರಾಂತ ಖಾದ್ಯ. ಅದು ಹವಾನಾಗಿಂತ ಮಿಯಾಮಿಗೆ ವಲಸೆ ಹೋದವರ ಮನೆಗಳಲ್ಲೇ ಸುಲಭವಾಗಿ ಸಿಗುವಂತಾಯಿತು.

12 ಎಂಬ ಅಂಕಿಯ ಹಿಂದಿನ ಭಯ ಸ್ಪಷ್ಟವಾಗಿದೆ. ಮನೆ ಮನೆಯಾಗಿಯೇ ಇರಬೇಕು, ಬಂಡವಾಳವಾಗಿ ಬೆಳೆಯಬಾರದು. ಪರಿಣಾಮ ಬೇರೆಯೇ ಆಯಿತು. ಒಳಕೋಣೆಯಲ್ಲಿ ಹದಿಮೂರನೆಯ ಕುರ್ಚಿ ಬಂತು, ಬಾಯಿಮಾತಿನಲ್ಲಿ ಮಾತ್ರ ಹೇಳುವ ಸಿಗಡಿ ಬಂತು, ಸಾಮಾನಿಗೆ ಕಾಳಸಂತೆ, ಬಾಯಿ ಮುಚ್ಚಲು ಇನ್ಸ್‌ಪೆಕ್ಟರನಿಗೆ ಒಂದಿಷ್ಟು. ಮುಂಬೈ-ಪುಣೆಯ ಖಾನಾವಳಿಗಳನ್ನು ಬಲ್ಲವರಿಗೆ ಮನೆಯೂಟದ ವ್ಯಾಪಾರ ಹೊಸತಲ್ಲ. ಆದರೆ ಖಾನಾವಳಿಯಲ್ಲಿ ಉಣ್ಣುವವನು ಅಡುಗೆಯವಳಂತೆಯೇ ದುಡಿದು ತಿನ್ನುವವನು. ಪಲದಾರಿನಲ್ಲಿ ಅಜ್ಜಿಯ ಅನ್ನ-ಕಾಳು ಡಾಲರ್ ಇದ್ದವನ ತಟ್ಟೆಗೆ ಹೋಯಿತು, ಪಕ್ಕದ ಮನೆಯವನಿಗೆ ಪರಿಮಳ ಮಾತ್ರ ಸಿಕ್ಕಿತು.

‘ಲಾ ಗುವಾರಿದಾ’ ಇದರ ಒಳ್ಳೆಯ ಉದಾಹರಣೆ. 1993ರ ಪ್ರಸಿದ್ಧ ಚಿತ್ರ ‘ಫ್ರೇಸಾ ಇ ಚೊಕೊಲಾತೆ’ ಚಿತ್ರೀಕರಣಗೊಂಡ ಮನೆಯಲ್ಲಿ 1996ರಲ್ಲಿ ಅದು ತೆರೆಯಿತು. ಬಣ್ಣ ಉದುರಿದ ಹಳೆಯ ಬಂಗಲೆ, ಸುತ್ತ ಸಾಮಾನ್ಯ ಸಂಸಾರಗಳು, ಮೇಲಿನ ಮಹಡಿಯಲ್ಲಿ ಜಗತ್ತಿನ ಸಿನಿಮಾ ತಾರೆಯರ ಊಟ. 2011ರ ಹೊತ್ತಿಗೆ ರೌಲ್ ಕ್ಯಾಸ್ಟ್ರೊ ಸರ್ಕಾರ ಕುರ್ಚಿಗಳ ಮಿತಿಯನ್ನು 50ಕ್ಕೆ ಏರಿಸಿ, ಹೊರಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಬಿಟ್ಟಿತು. 2016ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಹವಾನಾದ ‘ಸಾನ್ ಕ್ರಿಸ್ತೋಬಲ್’ ಎಂಬ ಪಲದಾರಿನಲ್ಲಿ ಕುಟುಂಬದೊಂದಿಗೆ ಉಂಡರು. ಖಾಸಗಿ ಹೋಟೆಲುಗಳಿಗೆ ಅದಕ್ಕಿಂತ ಒಳ್ಳೆಯ ದಿನಗಳು ಆಮೇಲೆ ಬರಲಿಲ್ಲ.

ಟ್ರಂಪ್ ಕಾಲದ ನಿರ್ಬಂಧ, ಕೋವಿಡ್, 2021ರ ಹಣದ ಬದಲಾವಣೆಯ ನಂತರದ ಬೆಲೆಯೇರಿಕೆ ಒಂದರ ಮೇಲೊಂದು ಬಂದವು. 2021ರಲ್ಲೇ ಖಾಸಗಿ ಕಂಪನಿಗಳಿಗೆ ಕಾನೂನು ಒಪ್ಪಿಗೆ ಸಿಕ್ಕಿತು. ಈಗ ಹೊರದೇಶದ ಕೋಳಿ, ಎಣ್ಣೆ ಅವುಗಳ ಅಂಗಡಿಯಲ್ಲಿ ಸಿಗುತ್ತವೆ. ಪಿಂಚಣಿಯಲ್ಲಿ ಬದುಕುವವರು ಅದನ್ನು ನೋಡಬಹುದು. 2024ರ ಅಕ್ಟೋಬರಿನಲ್ಲಿ ಇಡೀ ದ್ವೀಪಕ್ಕೆ ಕರೆಂಟ್ ಹೋದಾಗ ಕೆಡುವ ಮೊದಲೇ ಮಾಂಸ ಬೇಯಿಸಲು ಜನ ಬೀದಿಯಲ್ಲಿ ಸೌದೆ ಒಲೆ ಹೂಡಿದರು. ಲಿಬ್ರೇತಾ ಇನ್ನೂ ಇದೆ. ಅದರ ಮೇಲೆ ತಲೆಗೊಂದರಂತೆ ದಿನಕ್ಕೆ ಒಂದು ಬನ್ನು ಸಿಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಹಿಟ್ಟು ಸಾಲದೆ ಅದರ ತೂಕವನ್ನು 80 ಗ್ರಾಂನಿಂದ 60 ಗ್ರಾಂಗೆ ಇಳಿಸಿದರು.